ಜಡೇಸ್ವಾಮಿಗೆ ಇಟ್ಟ ಎಡೆ

ನವೆಂಬರ್ 14, ಗುರುವಾರ

ಕರೆಂಟ್ ಹನ್ನೊಂದಕ್ಕೆ ಬಂತು. ಅಷ್ಟರಲ್ಲಿ ಇ-ಸೇವೆ ಅಂಗಡಿಯ ಮುಂದೆ ಪೆನ್ಷನ್‌ದಾರರ ಸಾಲು ತಾಳವಾಡಿ ಬಸ್ ಸ್ಟ್ಯಾಂಡ್ ಮುಟ್ಟಿತ್ತು. ಪ್ರತಿ ನವೆಂಬರ್ ಇದೇ ಗೋಳು. ಬದುಕಿದ್ದೇನೆ ಎಂದು ಬೆರಳೊತ್ತಿ ಸರ್ಕಾರಕ್ಕೆ ತೋರಿಸಬೇಕು. ಒತ್ತಿಸುವುದು ನನ್ನ ಕೆಲಸ. ಮಾಲೀಕ ಮುರುಗೇಶಣ್ಣ ಟೀಗೆ ಹೋದವರು ಟೀಯಲ್ಲೇ ಇದ್ದರು.

ಒಬ್ಬರ ಬೆರಳನ್ನು ಮೆಷಿನ್ ಹಿಡಿಯಲೇ ಇಲ್ಲ. ಕೈ ತಿರುಗಿಸಿ ನೋಡಿದೆ. ಅಂಗೈಯಿಂದ ಬೆರಳ ತುದಿಯವರೆಗೆ ಸುಟ್ಟು ಮಾಗಿದ ನುಣ್ಣನೆಯ ಚರ್ಮ. ಗೆರೆಯೇ ಇಲ್ಲ.

"ಸತ್ತೋಗಿವ್ನಿ ಅಂತದಾ ನಿನ್ ಮಿಷಿನ್ನು?"

ತಮಾಷೆಗೆ ಹೇಳಿದ್ದು. ಸಾಲಿನಲ್ಲಿದ್ದ ನಮ್ಮೂರಿನವರು ಯಾರೂ ನಗಲಿಲ್ಲ. ಒಬ್ಬಾಕೆ ಬಾಯಿಗೆ ಸೆರಗು ಹಿಡಿದು ಆಚೆ ತಿರುಗಿದಳು.

ಕೊನೆಗೆ ಮೊಬೈಲ್‌ಗೆ ಮುಖ ತೋರಿಸಿ ಆಯಿತು. ಸ್ಕ್ರೀನ್ ಮೇಲೆ ಹೆಸರು ಬಂತು — ವಿಂಗ್ ಕಮಾಂಡರ್ ಸಿ. ಜಡೇಸ್ವಾಮಿ, ನಿವೃತ್ತ, ವಾಯುಪಡೆ. ಓ... ಜೀರಹಳ್ಳಿಯಲ್ಲಿ ತೊರೆಯಾಚೆ ಒಂಟಿ ಮನೆಯ ಪ್ಲೇನಯ್ಯ ಇವರೇ. ಒಂದೇ ಊರಿನವಳಾಗಿ ಹತ್ತಿರದಿಂದ ನೋಡಿದ್ದು ಇವತ್ತೇ. ನಮ್ಮ ಕಾಲೋನಿಯವರಿಗೆ ಆ ಕಡೆ ಕೆಲಸವಿಲ್ಲ.

ಬಾಂಬ್ ಹಾಕಿ ಬಂದ ಮನುಷ್ಯ. ಅವರು ಬದುಕಿದ್ದಾರೆಂದು ಸರ್ಟಿಫಿಕೇಟ್ ಕೊಟ್ಟವಳು ನಾನು. ತಡೆಯಲಾಗಲಿಲ್ಲ. ಪ್ರಿಂಟ್ ಜೊತೆಗೆ ನನ್ನ ಕರಪತ್ರವನ್ನೂ ಇಟ್ಟೆ — 'ಯುದ್ಧ ಯಾರ ಲಾಭಕ್ಕೆ?'

ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. "ಅಕ್ಸರ ಕಾಣಕಿಲ್ಲ ಕಣಮ್ಮಿ. ನೀನೇ ಬಂದು ಓದು" ಎಂದರು.

ನವೆಂಬರ್ 17, ಭಾನುವಾರ

ಹೋದೆ. ಜಗಳಕ್ಕೆ ತಯಾರಾಗಿಯೇ ಹೋದೆ. ಪೂರ್ತಿ ಓದಿದೆ, ನಡುವೆ ಎಲ್ಲೂ ನಿಲ್ಲಿಸಲಿಲ್ಲ. 'ಮೇಲಿನಿಂದ ಸಾವು ಸುರಿಸುವವರು ಕೆಳಗಿನವರ ಮುಖ ನೋಡುವುದಿಲ್ಲ' ಎಂಬ ಸಾಲು ಬಂದಾಗ ಗಂಟಲು ಏರಿಸಿದೆ.

"ಆ ಸಾಲು ಸರ್ಯಾಗದ. ನೋಡಕಿಲ್ಲ" ಎಂದರು. ಅಷ್ಟೇ. ಟೀ ಮಾಡಿಕೊಟ್ಟರು.

ಜಗಳವೇ ಆಗದೆ ವಾಪಸ್ ಬರುವುದು ಎಷ್ಟು ಬೇಸರ! ಹೊರಡುವಾಗ ದಿನಾ ಸಂಜೆ ಪೇಪರ್ ಓದಲು ಬರುತ್ತೀಯಾ ಎಂದು ಕೇಳಿದರು. ಬರುತ್ತೇನೆ ಎಂದೆ. ಯಾಕೆ ಹಾಗಂದೆನೋ. ಅವರ ಮೇಜು ದೊಡ್ಡದಿದೆ, ಬರೆಯಲು ಚೆನ್ನ. ನಮ್ಮನೆಯಲ್ಲಿ ಬರೆಯುವ ಜಾಗ ಎಂದರೆ ಅಕ್ಕಿ ಡ್ರಮ್ಮಿನ ಮುಚ್ಚಳ.

ಜನವರಿ 19

ದಿಂಬಂಗೆ ಹೋಗಿ ಕರಪತ್ರ ಹಂಚಿದೆ. ಬರುತ್ತೇನೆ ಎಂದಿದ್ದ ಸತ್ಯಮಂಗಲದ ಆನಂದ ಬರಲಿಲ್ಲ. ನಮ್ಮ ಓದುಗರ ಬಳಗದಲ್ಲಿ ಮೊದಲು ಹನ್ನೊಂದು ಜನ. ಈಗ ಅವನು, ನಾನು. ಅವನೂ ಫೋನಿನಲ್ಲಿ ಮಾತ್ರ.

ಘಾಟಿ ಹತ್ತಿ ಬಂದ ಲಾರಿಯವರು ಎಲ್ಲರೂ ತೆಗೆದುಕೊಂಡರು. ತೆಗೆದುಕೊಂಡು ಬೋಂಡಾ ಇಟ್ಟುಕೊಂಡರು. ಕಾಗದ ದಪ್ಪಗಿದೆ, ಎಣ್ಣೆ ಇಳಿಯುವುದಿಲ್ಲ ಎಂದು ಒಬ್ಬ ಹೊಗಳಿದ.

ಸಂಜೆ ಪೇಪರ್ ಓದಲು ಹೋದಾಗ ಜಡೇಸ್ವಾಮಿ ಸರ್‌ಗೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಿಟ್ಟು ಬಂತು. ಆಮೇಲೆ ನಾನೂ ನಕ್ಕೆ. ನಕ್ಕು ಬಹಳ ದಿನವಾಗಿತ್ತು.

ಮಾರ್ಚ್ 2

ಚೂರು ಚೂರಾಗಿ ಕೇಳಿದ್ದನ್ನು ಒಟ್ಟಿಗೆ ಬರೆದಿಡುತ್ತೇನೆ.

ರೈತರ ಮನೆಯ ಹಿರಿಮಗ. ಮೈಸೂರಿನಲ್ಲಿ ಓದುವಾಗ ಎನ್‌ಸಿಸಿ. ಪರೀಕ್ಷೆ ಬರೆದದ್ದು ಗೆಳೆಯನ ಜೊತೆಗೆಂದು. ಗೆಳೆಯ ಫೇಲ್, ಇವರು ಪಾಸ್. ತರಬೇತಿ, ಆಮೇಲೆ ಹಂಟರ್ ವಿಮಾನದ ಸ್ಕ್ವಾಡ್ರನ್. ಅಲ್ಲಿ ಜಡೇಸ್ವಾಮಿ ಎನ್ನಲು ಯಾರಿಗೂ ನಾಲಿಗೆ ಹೊರಳದೆ 'ಜೇಡಿ' ಆದರು. ವಿಮಾನ ಹಾರಿಸುವುದರ ಬಗ್ಗೆ ಕೇಳಿದರೆ ಆಕಾಶದ ಮಾತೇ ಬರುವುದಿಲ್ಲ. ದನಿಯ ಮಾತು ಬರುತ್ತದೆ.

"ಎಲ್ಮೆಟ್ ಆಕ್ಕಂಡ್ರ ಮುಖ ಇಲ್ಲ ಕಣಮ್ಮಿ. ಪಕ್ಕದ ಪ್ಲೇನಲ್ಲಿ ಇರೋನು ಕಿವೀಲಿ ಒಂದು ದನಿ, ಅಷ್ಟೇಯ. ಎದರವ್ನಾ, ಜ್ವರ ಬಂದದಾ, ಮನಿಂದ ಕಾಗ್ದ ಬಂದದಾ — ಎಲ್ಲಾನೂ ದನೀಲೇ ಗೊತ್ತಾಯ್ತದ."

ಎಪ್ಪತ್ತೊಂದರ ಡಿಸೆಂಬರ್. ಗಡಿಯಾಚೆ ಒಂದು ರೈಲ್ವೆ ಯಾರ್ಡ್ ಮೇಲೆ ದಾಳಿ. ಮೇಲೇಳುವಾಗ ಕೆಳಗಿನ ಗುಂಡು ತಗುಲಿ ಬೆಂಕಿ ಹತ್ತಿತು. ತಲೆಯ ಮೇಲಿನ ಗಾಜಿನ ಮುಚ್ಚಳ ಹಾರಲಿಲ್ಲ. ಅದನ್ನು ಕೈಯಲ್ಲೇ ತಳ್ಳಿದರು — ಆ ಕೈಗಳೇ ನಾನು ಮೆಷಿನ್ ಮೇಲೆ ಒತ್ತಿಸಿದ್ದು. ಜೊತೆಗೆ ಹಾರುತ್ತಿದ್ದವನು ಕಿವಿಯಲ್ಲಿ 'ಜೇಡಿ, ಗೆಟ್ ಔಟ್' ಎಂದು ಕಿರುಚುತ್ತಿದ್ದ. ಸೀಟು ಸಮೇತ ಹೊರಗೆ ಹಾರಿದರು — ಅದಕ್ಕೆ ಇಜೆಕ್ಟ್ ಆಗುವುದು ಅನ್ನುತ್ತಾರೆ. ಬೆನ್ನುಮೂಳೆ ಕುಸಿದು ಒಂದು ಅಂಗುಲ ಗಿಡ್ಡವಾದರು. ಒಂದು ವರ್ಷ ಸೆರೆ. ಬಂದ ಮೇಲೆ ಮತ್ತೆ ಫೈಟರ್ ಕೊಡಲಿಲ್ಲ. ಹೊಸಬರಿಗೆ ಹಾರಲು ಕಲಿಸಿ ರಿಟೈರ್ ಆದರು.

ಆ ಯಾರ್ಡಿನಲ್ಲಿ ಎಷ್ಟು ಜನ ಸತ್ತರು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನೀನು ಕೇಳಿದ್ದು ಒಳ್ಳೆಯದಾಯಿತು ಎಂದರು. ಇದಕ್ಕೆ ಏನು ಉತ್ತರ ಕೊಡಬೇಕೆಂದು ನಾನು ಓದಿದ ಯಾವ ಪುಸ್ತಿಕೆಯಲ್ಲೂ ಇಲ್ಲ.

ಮಾರ್ಚ್ 9

ಉಳಿದದ್ದು ಅವ್ವ ಹೇಳಿದಳು. ದಿನಾ ಅಲ್ಲಿಗೆ ಹೋಗುತ್ತೇನೆಂದು ಹೆದರಿ ಹೇಳಿದಳು.

ಅವರು ಊರಿನ ಲೆಕ್ಕದಲ್ಲಿ ಸತ್ತವರು!

ಯುದ್ಧದ ಸಮಯದಲ್ಲಿ ತಂತಿ ಬಂತು — ಕಾಣೆಯಾಗಿದ್ದಾರೆ, ಮಡಿದಿರಬಹುದು. ಹೆಣ ಬರಲಿಲ್ಲ. ಮನೆಯವರು ಅವರ ಒಂದು ಅಂಗಿ, ಒಂದು ಪ್ಯಾಂಟ್ ಮಲಗಿಸಿ ಹೊಲದಲ್ಲಿ ಮಣ್ಣು ಮಾಡಿದರು. ಮಣ್ಣು ಹಾಕಿದವನು ತಮ್ಮ ಚಿನ್ನಸ್ವಾಮಿ. ತಿಥಿ ಮಾಡಿ ಊರಿಗೆಲ್ಲ ಉಣ್ಣಿಸಿದರು. ಬದುಕಿದ್ದೇನೆ ಎಂದು ಸೆರೆಮನೆಯಿಂದ ಕಾಗದ ಬಂದದ್ದು ಆಮೇಲೆ.

ಅವರ ಪದ್ಧತಿಯಲ್ಲಿ ತಿಥಿ ಆದವನು ಹೊಸಿಲು ದಾಟುವಂತಿಲ್ಲ. ಮಣ್ಣು ಹಾಕಿದವನು ಅವನೊಡನೆ ಮಾತಾಡುವಂತಿಲ್ಲ, ಒಂದೇ ಸಾಲಿನಲ್ಲಿ ಉಣ್ಣುವಂತಿಲ್ಲ. ಅವನ ಹೆಸರನ್ನು ಊರಲ್ಲಿ ಯಾರೂ ಕೂಗುವಂತಿಲ್ಲ. ಇದಕ್ಕೆ ಪರಿಹಾರ ಒಂದೇ. ಅವನು ಮತ್ತೆ ಹುಟ್ಟಬೇಕು. ಹೊಸಿಲ ಮೇಲೆ ಮಲಗಿಸಿ ಒಳಗೆ ಎಳೆದುಕೊಂಡು, ಕೂಸಿಗೆ ಮಾಡಿದಂತೆ ನೀರೆರೆದು, ತೊಟ್ಟಿಲು ತೂಗಿ, ಸೋದರತ್ತೆಯಾದವಳು ಕಿವಿಯಲ್ಲಿ ಹೆಸರು ಹೇಳಬೇಕು.

ಸೆರೆಯಿಂದ ಬಿಡುಗಡೆಯಾಗಿ ಯೂನಿಫಾರ್ಮ್ ಹಾಕಿಕೊಂಡೇ ಬಸ್ಸಿಳಿದರಂತೆ. ಬಾಗಿಲಲ್ಲಿ ತೊಟ್ಟಿಲು ಕಂಡು ಸಿಟ್ಟಾಗಿ ಅಲ್ಲಿಂದಲೇ ತಿರುಗಿ ಹೋದರು. ತಾಯಿ ಹೊಸಿಲ ಒಳಗೆ ನಿಂತೇ ಇದ್ದಳಂತೆ. ಎರಡು ವರ್ಷಕ್ಕೆ ತೀರಿಕೊಂಡಳು.

ರಿಟೈರ್ ಆಗಿ ಬಂದು ತೊರೆಯಾಚೆ ಸ್ವಂತ ಮನೆ ಕಟ್ಟಿದರು. ತಮ್ಮನ ಹೊಲ ಎದುರಿಗೇ ಇದೆ. ಅದರಲ್ಲಿ ಅವರದೇ ಅಂಗಿ ಹೂತ ಗುಡ್ಡೆ!

ಅವ್ವ ಅದೇ ಚಿನ್ನಸ್ವಾಮಿಯ ಹೊಲದಲ್ಲಿ ಕೋಸು ಕೊಯ್ಯುತ್ತಾಳೆ. "ಬುದ್ದ್ಯೋರ ಮನ ಇಚಾರ ನಮಗ್ಯಾಕಮ್ಮಿ?" ಎಂದಳು. ಬುದ್ದ್ಯೋರು... ಧಣಿಗಳಿಗೆ ಆಳುಗಳು ಅನ್ನುವ ಆ ಪದ ಕೇಳಿದರೆ ಮೈ ಉರಿಯುತ್ತದೆ.

ಮಾರ್ಚ್ 10

ಸರ್, ನೀವು ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿಬಿಟ್ಟೆ.

"ಕೇಳ್ಕ ಬಂದೋರು ಇದ್ರು. ಮದ್ವ ಅಂದ್ರ ನಮ್ ಕಡಿಂದ ಯಾರಾರ ನಿಂತ್ಕಬೇಕಲ್ಲಮ್ಮಿ."

ಜೂನ್ 22

ಸಂಜೆ ಪೇಪರ್ ಓದುವಾಗ ಒಂದು ಹೊತ್ತಿಗೆ ಕೈ ಎತ್ತಿ ನಿಲ್ಲಿಸುತ್ತಾರೆ. ಯಾಕೆಂದು ಇಷ್ಟು ದಿನ ಗೊತ್ತಿರಲಿಲ್ಲ. ಅದು ಚಿನ್ನಸ್ವಾಮಿ ಹೊಲದಿಂದ ಎತ್ತುಗಳನ್ನು ಕರೆಯುವ ಹೊತ್ತು. ತಮ್ಮನ ದನಿ ಇವರಿಗೆ ಸಿಗುವುದು ಅಷ್ಟೇ. ಎತ್ತಿಗೆ ಕೂಗಿದ್ದರಲ್ಲಿ ಇವರ ಪಾಲು.

ಇವತ್ತು ಕೇಳಿ ತಲೆ ಆಡಿಸಿದರು. ದನಿ ಒಡೆದಿದೆ, ಶೀತದ ಒಡಕಲ್ಲ, ಡಾಕ್ಟರಿಗೆ ತೋರಿಸಲು ಹೇಳು ಎಂದರು. ಅವ್ವನ ಕೈಲಿ ಹೇಳಿಸಿದೆ. ಸತ್ತವರು ಕಂಡ ಕನಸಾ ಎಂದು ಯಾರೋ ನಕ್ಕರಂತೆ.

ಸೆಪ್ಟೆಂಬರ್ 21, ಭಾನುವಾರ

ಹಿರಿಯರ ಹಬ್ಬ. ಅವ್ವ ಚಿನ್ನಸ್ವಾಮಿಯ ಮನೆ ಹಿತ್ತಿಲು ಗುಡಿಸಲು ಹೋಗಿದ್ದಳು. ಕರೆತರಲು ಹೋದವಳು ಕಿಟಕಿಯಿಂದ ನೋಡಿದೆ.

ಗೋಡೆಗೆ ಒರಗಿಸಿದ ಫೋಟೋಗಳು. ಅಪ್ಪ, ಅಮ್ಮ, ಪಕ್ಕದಲ್ಲಿ ಟೋಪಿ ಹಾಕಿದ ಇಪ್ಪತ್ತೈದರ ಹುಡುಗ. ಹಾರ. ಮುಂದೆ ಬಾಳೆಲೆ — ಕಜ್ಜಾಯ, ಹುರುಳಿ ಬಸ್ಸಾರು, ಮುದ್ದೆ, ಮಡಿಸಿದ ಹೊಸ ಅಂಗಿ, ಒಂದು ಪ್ಯಾಕ್ ಸಿಗರೇಟ್. ಚಿನ್ನಸ್ವಾಮಿಯ ಹೆಂಡತಿ ಮಹಾಲಿಂಗಮ್ಮ ಧೂಪ ಹಾಕಿ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಕೈ ಮುಗಿದಳು. ತೊರೆ ದಾಟಿದರೆ ಮನುಷ್ಯನೇ ಇದ್ದಾನೆ!

ನೇರ ಸರ್ ಹತ್ತಿರ ಹೋದೆ. ಜಗಲಿಯಲ್ಲಿ ಕೂತಿದ್ದರು. ಕಜ್ಜಾಯದ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಏನೇನು ಇಟ್ಟಿದ್ದಾರೆ ಎಂದು ಕೇಳಿದರು. ಹೇಳಿದೆ.

"ಸಿಗರೇಟ್ ಬುಟ್ಟು ನಲವತ್ತು ವರ್ಸ ಆಯ್ತು. ಯಾರೂ ಯೋಳಿಲ್ವಲ್ಲ ಅವ್ರಿಗ."

ಅವರು ತಿಂದದ್ದು ಅನ್ನ, ಉಪ್ಪಿನಕಾಯಿ.

ಸೆಪ್ಟೆಂಬರ್ 28

ಚಿನ್ನಸ್ವಾಮಿಯ ಗಂಟಲಲ್ಲಿ ಗೆಡ್ಡೆ. ಕೆಟ್ಟ ಗೆಡ್ಡೆ. ಅಕ್ಟೋಬರ್ 27ಕ್ಕೆ ಮೈಸೂರಿನಲ್ಲಿ ಆಪರೇಷನ್. ದನಿಯ ಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಚಿನ್ನಸ್ವಾಮಿ ಬದುಕುತ್ತಾರೆ, ಮಾತು ಇರುವುದಿಲ್ಲ.

ಸರ್ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು:

"ಆ ದನಿ ಓಗೋದ್ರೊಳಗ ಒಂದ್ಸಲ ಅಣ್ಣ ಅನ್ನುಸ್ಕಬೇಕು ಕಣಮ್ಮಿ. ತೊಟ್ಲಿಗೂ ಸೈ. ಎಲ್ಲಿಗಾದ್ರೂ ಸೈ."

ನನಗೆ ಸಿಟ್ಟು ನೆತ್ತಿಗೇರಿತು. ಐವತ್ತು ವರ್ಷ ಬಗ್ಗದವರು ಈಗ ಕೂಸಿನಂತೆ ಮಲಗುವುದೇ? ನೇರ ನಡೆದು ಒಳಗೆ ಹೋಗಿ, ಯಾರು ತಡೆಯುತ್ತಾರೆ ನೋಡೋಣ, ನಾನು ಜೊತೆಗೆ ಬರುತ್ತೇನೆ — ಇನ್ನೂ ಏನೇನೋ ಅಂದೆ.

"ನುಗ್ಗದು ನುಗ್ಗಬೋದು. ಅವ್ನ ಬಾಯ ನಾ ತೆರಸಕಾದದಾ?"

ಸಿಟ್ಟು ಇತ್ತು. ಈಗಲೂ ಇದೆ. ಮಹಾಲಿಂಗಮ್ಮನಿಗೆ ಸುದ್ದಿ ಕಳಿಸಿದ್ದಾರಂತೆ, ಆಕೆಯ ಮಾತಿಗೆ ಕಾಯುತ್ತಾರಂತೆ. ಕಾಯುವುದು, ಕಾಯುವುದು... ಈ ದೇಶ ಕೆಟ್ಟದ್ದೇ ಹೀಗೆ.

ಅಕ್ಟೋಬರ್ 3

ಕರಪತ್ರ ಮುಗಿಯಿತು. 'ಬದುಕಿರುವವನಿಗೆ ಎಡೆ ಇಡುವ ಮನೆ.' ಊರು, ಹೆಸರು ಎಲ್ಲ ಹಾಕಿದ್ದೇನೆ. ಹೆಸರಿಲ್ಲದ ಕರಪತ್ರಕ್ಕೆ ಹಲ್ಲಿಲ್ಲ. ಸರ್‌ಗೆ ತೋರಿಸಲಿಲ್ಲ. ತೋರಿಸಿದರೆ ಬೇಡ ಅನ್ನುತ್ತಾರೆ. ಊರಿಗೆ ನಾಚಿಕೆಯಾದರೆ ತಮ್ಮ ತಾನಾಗಿ ಬಾಯಿ ಬಿಡುತ್ತಾನೆ.

ಅಕ್ಟೋಬರ್ 5, ಭಾನುವಾರ

ಹಾಸನೂರು, ದಿಂಬಂ, ತಾಳವಾಡಿ. ಎಲ್ಲ ಖಾಲಿ. ಮೊದಲ ಸಲ ಯಾರೂ ಬೋಂಡಾ ಇಟ್ಟುಕೊಳ್ಳಲಿಲ್ಲ. ನಿಂತು ಓದಿದರು! ಫೋಟೋ ಹೊಡೆದು ವಾಟ್ಸಾಪ್‌ಗೆ ಹಾಕಿದರು. 'ಇದು ಬರವಣಿಗೆ' ಎಂದು ಆನಂದ ಮೆಸೇಜ್ ಮಾಡಿದ. ಬಸ್ಸಿನಲ್ಲಿ ಹಿಂದೆ ಕೂತವರು ನನ್ನ ಸಾಲುಗಳನ್ನೇ ಜೋರಾಗಿ ಓದಿ ನಗುತ್ತಿದ್ದರು. ಕೇಳುತ್ತಾ ಕೂತೆ. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಅಕ್ಟೋಬರ್ 7

ಅವ್ವನಿಗೆ ಕೆಲಸ ಇಲ್ಲ. ಹೊಲಕ್ಕೆ ಬರಬೇಡ ಎಂದು ಹೇಳಿ ಕಳಿಸಿದರು. ಅದು ನಿರೀಕ್ಷೆ ಇತ್ತು.

ನಿರೀಕ್ಷೆ ಇಲ್ಲದ್ದು ಇದು. ಮಹಾಲಿಂಗಮ್ಮ ಆಗಲೇ ಒಪ್ಪಿದ್ದಳು. ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆದು ಒಣಗಿಸಿದ್ದಳು. ಸೋದರತ್ತೆಯ ಸ್ಥಾನಕ್ಕೆ ಗಂಡನ ದಾಯಾದಿಗಳಲ್ಲಿ ಒಬ್ಬಾಕೆಯನ್ನು ಬೇಡಿ ಒಪ್ಪಿಸಿದ್ದಳು. ಈ ಶುಕ್ರವಾರಕ್ಕೆ ಗೊತ್ತಾಗಿತ್ತು. ಗಂಡ ಗುಣವಾಗಿ ಬರುವಾಗ ಮನೆಯಲ್ಲಿ ಸಾವಿನ ನೆರಳು ಇರಬಾರದು ಎಂದಿದ್ದಳಂತೆ. ಸರ್‌ಗೆ ಹೇಳಿ ಕಳಿಸುವುದೊಂದೇ ಬಾಕಿ ಇತ್ತು.

ಈಗ ದಾಯಾದಿಗಳು ಒಬ್ಬರೂ ಹೊಸಿಲು ತುಳಿಯುವುದಿಲ್ಲ ಎಂದಿದ್ದಾರೆ. ಕರಪತ್ರದಲ್ಲಿ ನಗೆಪಾಟಲಾದ ಮನೆಗೆ ಯಾರು ಬರುತ್ತಾರೆ? ಚಿನ್ನಸ್ವಾಮಿ ಬಾಗಿಲು ಹಾಕಿಕೊಂಡು ಮಲಗಿದ್ದಾರೆ. ಇದನ್ನು ಬರೆಸಿದ್ದು ಅಣ್ಣನೇ ಎಂದುಕೊಂಡಿದ್ದಾರೆ.

ಕೇಳಿದ್ದರೆ... ಯಾರನ್ನೂ ಕೇಳಲಿಲ್ಲ ನಾನು.

ಅಕ್ಟೋಬರ್ 8

ಸರ್ ನನ್ನ ಕೈಲೇ ಓದಿಸಿದರು. 'ಬದುಕಿರುವವನಿಗೆ ಎಡೆ ಇಡುವ ಮನೆ'. ಮೊದಲ ಸಾಲಿನಿಂದ ಕೊನೆಯವರೆಗೆ. ಎಲ್ಲೂ ತಡೆಯಲಿಲ್ಲ.

"ಚಂದಾಗಿ ಬರ್ದಿದ್ದೈ" ಎಂದರು. ಆಮೇಲೆ: "ಟಾರ್ಗೆಟ್ ಮ್ಯಾಲ ಡೈವ್ ಮಾಡುವಾಗ ಕಣ್ಣ ಅದ್ರ ಮ್ಯಾಲೇ ನೆಟ್ಟುಬುಟ್ರ ನೆಲ ಬರೋದು ಕಾಣಕಿಲ್ಲ. ಒಳ್ಳೊಳ್ಳೆ ಉಡುಗ್ರು ಅಂಗೇ ಓದ್ರು."

ಬೈಯಲಿಲ್ಲ. ಟೀ ಮಾಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತೊರೆಯವರೆಗೆ ನಡೆದು ಬಂದು ನಿಂತೆ. ಎತ್ತು ಕರೆಯುವ ಹೊತ್ತು ಅದು. ಎದುರು ಹೊಲದಲ್ಲಿ ಯಾರೂ ಕೂಗಲಿಲ್ಲ.

ಅಕ್ಟೋಬರ್ 18, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಸರ್ ಮನೆಗೂ ಹೋಗಲಿಲ್ಲ. ಸಂಜೆ ಬಸ್ಸಿಳಿದ ಮೇಲೆ ಎಲ್ಲಿಗೆ ಹೋಗಬೇಕೆಂದು ಕಾಲಿಗೇ ಗೊತ್ತಾಗುತ್ತಿರಲಿಲ್ಲ. ಅಕ್ಕಿ ಡ್ರಮ್ಮಿನ ಮುಂದೆ ಕೂರುತ್ತಿದ್ದೆ, ಏಳುತ್ತಿದ್ದೆ.

ಇವತ್ತು ಮಹಾಲಿಂಗಮ್ಮ ಅಂಗಡಿಗೇ ಬಂದಳು. ಒಬ್ಬಳೇ. ಮುರುಗೇಶಣ್ಣ ಕುರ್ಚಿ ಕೊಟ್ಟು ತಾನು ಟೀಗೆ ಓಡಿದರು. ಆಕೆ ಕೂರಲಿಲ್ಲ.

"ಬರ್ದೋಳು ನೀನೇ ತಾನೆ?"

ಹೌದು ಎಂದೆ.

"ಅವ್ರು ಬರಿಸ್ನಿಲ್ಲ ತಾನೆ?"

ಇಲ್ಲ, ಅವರಿಗೆ ಗೊತ್ತೇ ಇರಲಿಲ್ಲ, ಯಾರ ಮೇಲೆ ಬೇಕಾದರೂ ಆಣೆ ಇಡುತ್ತೇನೆ ಎಂದೆ. ಆಣೆ, ನಾನು! ಆಕೆಯ ಮುಖದ ಬಿಗಿ ಸ್ವಲ್ಪ ಸಡಿಲಾಯಿತು.

"ನಮ್ಮೋರ್ಗ ಅದ್ನೇ ಓಗಿ ಯೋಳ್ತೀನಿ. ಇನ್ನೊಂದ್ ಮಾತು. ಅತ್ತೆ ಅನ್ನುಸ್ಕಳಕ ಒಬ್ಳೂ ಬರಕಿಲ್ಲ ಅಂದವರ. ಕೆಡಿಸ್ದೋಳು ನೀನು, ಕಟ್ಟೋಳೂ ನೀನೇ ಆಗು. ಸುಕ್ರವಾರ ಮೀದು ಬಾ. ಎಸರ ನೀನೇ ಯೋಳು."

ನಾನು ಯಾರ ಮಗಳು ಎಂದು ಗೊತ್ತಲ್ಲವೇ ಎಂದೆ. ಕೆಂಚಮ್ಮನ ಮಗಳು ಸುನೀತ ಎಂದು ಗೊತ್ತಿದೆ ಎಂದಳು. ಗೊತ್ತಿದ್ದೂ ಕರೆಯಲು ತನಗೆಷ್ಟು ಕಷ್ಟವಾಯಿತೆಂದು ನಿನಗೆ ಗೊತ್ತಿಲ್ಲ ಎಂದೂ ಹೇಳಿ ಹೋದಳು.

ಅಕ್ಟೋಬರ್ 20

ಆನಂದನಿಗೆ ಫೋನ್ ಮಾಡಿದೆ. ಮೌಢ್ಯದ ವಿರುದ್ಧ ಬರೆದ ಕೈಯಿಂದಲೇ ತೊಟ್ಟಿಲು ತೂಗುತ್ತೀಯಾ ಎಂದ. ಒಬ್ಬ ಮುದುಕನ ಜೊತೆ ಅವನ ತಮ್ಮ ಮಾತಾಡಬೇಕು, ಅಷ್ಟೇ ಎಂದೆ. ಎಲ್ಲ ಶರಣಾಗತಿಯೂ ಹೀಗೇ 'ಅಷ್ಟೇ' ಎಂದು ಶುರುವಾಗುತ್ತದೆ ಎಂದ. ಬಳಗದ ಗ್ರೂಪಿನಿಂದ ಹೊರಗೆ ಹೋದ. ಈಗ ಬಳಗದಲ್ಲಿ ನಾನೊಬ್ಬಳೇ ಇದ್ದೇನೆ. ಅಡ್ಮಿನ್ ನಾನೇ.

ಅವನು ಹೇಳಿದ್ದು ತಪ್ಪು ಎಂದು ಹೇಳಲಾರೆ. ಇದೇ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿಲ್ಲ!

ಇನ್ನೊಂದು ಯೋಚನೆಯೂ ಬರುತ್ತದೆ. ಆ ಮನೆಯ ನಡುಮನೆಗೆ ನಮ್ಮ ಕಾಲೋನಿಯವರು ಯಾರೂ ಕಾಲಿಟ್ಟಿಲ್ಲ. ಅವ್ವ ಹಿತ್ತಿಲಿನಿಂದ ಒಳಗೆ ನೋಡಿಯೂ ಇಲ್ಲ. ನಾನು ಮುಂಬಾಗಿಲಿನಿಂದ ಹೋಗುತ್ತೇನೆ.

ಇದು ನೆಪವೋ, ನಿಜವೋ? ಎರಡೂ ಇರಬಹುದು.

ಅಕ್ಟೋಬರ್ 24, ಶುಕ್ರವಾರ, ಸಂಜೆ

ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಅವ್ವ ತನ್ನ ಒಂದೇ ರೇಷ್ಮೆ ಸೀರೆ ಉಡಿಸಿದಳು. ಬುದ್ದ್ಯೋರ ಎದುರು ಬಾಯಿ ಮಾಡಬೇಡ ಎಂದಳು. ಇವತ್ತು ಹೂಂ ಅಂದೆ.

ಸರ್ ಅಂಗಳದಲ್ಲಿ ಪಂಚೆ ಉಟ್ಟು ನಿಂತಿದ್ದರು. ನನ್ನ ದನಿ ಕೇಳಿ ಮುಖ ಈ ಕಡೆ ತಿರುಗಿಸಿದರು. ಅಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಪೇಪರ್ ಎಲ್ಲ ಕಟ್ಟಿಟ್ಟಿದ್ದೇನೆ, ಒಟ್ಟಿಗೆ ಓದಬೇಕು ಎಂದರು.

ಹೊಸಿಲ ಮೇಲೆ ಕಂಬಳಿ ಹಾಸಿ ಮಲಗಿಸಿದರು. ತಲೆ ಒಳಗೆ, ಉದ್ದನೆಯ ಕಾಲು ಹೊರಗೆ. ಮಹಾಲಿಂಗಮ್ಮನೂ ನಾನೂ ಕಂಕುಳಿಗೆ ಕೈ ಕೊಟ್ಟು ಒಳಗೆ ಎಳೆದೆವು. ಬೆನ್ನು ನೋವಿಗೆ ಹಲ್ಲು ಕಚ್ಚಿದರು. "ಇಜೆಕ್ಟ್ ಆಗೋದೇ ವಾಸಿ ಕಣಮ್ಮಿ" ಎಂದರು. ಮಹಾಲಿಂಗಮ್ಮನಿಗೆ ಅರ್ಥವಾಗಲಿಲ್ಲ, ನಾನು ನಕ್ಕಿದ್ದಕ್ಕೆ ತಾನೂ ನಕ್ಕಳು. ಅರಿಶಿನದ ನೀರು, ತುಟಿಗೆ ಜೇನು. ತೊಟ್ಟಿಲಲ್ಲಿ ಅವರ ಒಂದು ಕೈ ಮಾತ್ರ ಹಿಡಿಯಿತು. ಆ ಕೈಯನ್ನೇ ತೂಗಿದೆವು.

ಚಿನ್ನಸ್ವಾಮಿ ಕಂಬಕ್ಕೆ ಒರಗಿ ನೋಡುತ್ತಿದ್ದರು. ಕುತ್ತಿಗೆಗೆ ಟವೆಲ್ ಸುತ್ತಿತ್ತು. ಅಣ್ಣನಂತೆಯೇ ಕಿವಿ, ಅದೇ ಮೂಗು.

ಹೆಸರು ಹೇಳು ಎಂದರು. ಮಹಾಲಿಂಗಮ್ಮ ಒಂದು ಹೆಸರು ಮೊದಲೇ ಹೇಳಿಕೊಟ್ಟಿದ್ದಳು, ಹೊಸದು. ನಾನು ಬಗ್ಗಿ ಕಿವಿಯಲ್ಲಿ ಜಡೇಸ್ವಾಮಿ ಎಂದೆ. ಮೂರು ಸಲವೂ ಅದನ್ನೇ. ಅವರ ಕಣ್ಣು ಮುಚ್ಚಿತು. ಏನು ಹೆಸರಾಯಿತು ಎಂದು ಯಾರೋ ಕೇಳಿದರು. ಅವರೇ ಜೋರಾಗಿ ಹೇಳಿದರು. ಮಹಾಲಿಂಗಮ್ಮ ನನ್ನನ್ನು ಒಂದು ಥರ ನೋಡಿ, "ಆಗ್ಲಿ ಬುಡಿ" ಎಂದಳು.

ಆ ಹೊತ್ತಿಗೆ ಅಂದುಕೊಂಡೆ — ಗೆದ್ದೆ.

ಊಟಕ್ಕೆ ಎಲೆ ಹಾಕಿದರು. ನಡುಮನೆಯಲ್ಲಿ ಅಣ್ಣ, ತಮ್ಮ, ಎದುರಿಗೆ ಊರಿನ ಒಂದಿಬ್ಬರು ಹಿರಿಯರು. ನಾನು ಕೂರಲು ಹೋದೆ. ಮಹಾಲಿಂಗಮ್ಮ ತೋಳು ಮುಟ್ಟಿ, ಜೋರಿಲ್ಲದೆ, ನಿನ್ನದು ಆಚೆ ಇದೆ ಎಂದಳು. ಜಗಲಿಯ ತುದಿಯಲ್ಲಿ ಒಂದು ಎಲೆ. ಪಕ್ಕದಲ್ಲಿ ಪೇಪರ್ ಲೋಟ. ಬಡಿಸಿದ್ದು ಎಲ್ಲ ಅದೇ, ಕಜ್ಜಾಯ ಎರಡು. ಆಕೆಯ ಮುಖದಲ್ಲಿ ದ್ವೇಷವಿರಲಿಲ್ಲ. ಅದನ್ನೂ ಬರೆಯಬೇಕು. ಇದ್ದಿದ್ದರೆ ಸುಲಭವಿತ್ತು.

ಎಲೆಯ ಮುಂದೆ ನಿಂತಿದ್ದೆ. ಕೂತಿರಲಿಲ್ಲ. ಒದ್ದು ಹೋಗುವವಳಿದ್ದೆ. ಆಗ ಒಳಗಿನಿಂದ ಸರ್ ದನಿ.

"ಸುನೀತ ಎಲ್ಲಿ ಕುಂತದ?"

ಅವರಿಗೆ ಕಾಣುವುದಿಲ್ಲ. ಮುಂದಿನ ಎಲೆ ಕಾಣುತ್ತದೆ, ಅದರಾಚೆ ಮಬ್ಬು. ಒಳಗೆ ಸೌಟಿನ ಸದ್ದು ನಿಂತಿತು. ಬಾಗಿಲಿನಿಂದ ನೋಡಿದೆ. ಅವರ ಒಂದು ಕೈ ನೆಲಕ್ಕೆ ಊರಿತ್ತು. ಜಗಲಿಯಲ್ಲಿ ಎಂದು ಹೇಳಿದರೆ ಏಳುತ್ತಾರೆ. ಎದ್ದೇ ಏಳುತ್ತಾರೆ. ಎದ್ದರೆ ಮತ್ತೆ ಆ ಸಾಲಿಗೆ ಕೂರುವುದಿಲ್ಲ. ಸೋಮವಾರ ಆಪರೇಷನ್.

ಚಿನ್ನಸ್ವಾಮಿ ತಲೆ ಎತ್ತಿ ನನ್ನನ್ನು ನೋಡಿದರು. ಬೇಡುವ ನೋಟವಲ್ಲ, ಗದರುವುದೂ ಅಲ್ಲ. ಕಾಯುವ ನೋಟ.

"ಇಲ್ಲೇ ಇದ್ದೀನಿ ಸರ್" ಎಂದೆ.

ನೆಲದ ಮೇಲಿನ ಕೈ ಎಲೆಗೆ ಬಂತು. ಆಮೇಲೆ ಮುರಿದ, ಗಾಳಿ ಸೋರುವ ಒಂದು ದನಿ —

"ಉಣ್ಣಣ್ಣ. ಆರೋಯ್ತದ."

ಸರ್ ತುತ್ತು ಕಟ್ಟಲು ಹೋದರು. ಕಟ್ಟಲಾಗಲಿಲ್ಲ. ಸುಟ್ಟ ಬೆರಳುಗಳಿಂದ ಅನ್ನ ಉದುರುತ್ತಲೇ ಇತ್ತು.

ನಾನು ಜಗಲಿಯಲ್ಲಿ ಕೂತು ಉಂಡೆ.

ಅಕ್ಟೋಬರ್ 26, ಭಾನುವಾರ

ಕಟ್ಟಿಟ್ಟ ಪೇಪರ್ ಓದಲು ಹೋದೆ. ಒಂದೂ ಓದಿಸಲಿಲ್ಲ. ಬರೀ ತಮ್ಮನ ಮಾತು. ಎರಡು ದಿನದಿಂದ ಚಿನ್ನಸ್ವಾಮಿ ಡಾಕ್ಟರ್ ಬೇಡ ಎಂದರೂ ಕೇಳದೆ ಮಾತಾಡಿದ್ದಾರೆ — ಬೇಲಿಯ ಮಾತು, ಅಪ್ಪನ ಮಾತು, ಇವರ ಹಸು ಅವರ ರಾಗಿಗೆ ನುಗ್ಗುವ ಮಾತು. ಸರ್ ಪ್ರತಿಯೊಂದನ್ನೂ ಅದೇ ಒಡಕು ದನಿಯಲ್ಲಿ ಅಣಕಿಸಿ ತೋರಿಸಿದರು. ಇಷ್ಟು ಹಗುರಾಗಿ ಅವರನ್ನು ನೋಡಿರಲಿಲ್ಲ. ಇವತ್ತು ರಾತ್ರಿಯೇ ತಮ್ಮನ ಜೊತೆ ಮೈಸೂರಿಗೆ ಹೊರಡುತ್ತಾರೆ, ಅಡ್ಮಿಟ್ ಆಗಬೇಕು.

ನಾನು ಹೊರಡುವಾಗ ಕೇಳಿದರು: "ನೀ ಉಣ್ಣವಾಗ ಪಕ್ಕದಲ್ಲಿ ಯಾರ್ ಕುಂತಿದ್ರಮ್ಮಿ? ನಿನ್ ದನೀನೇ ಕೇಳ್ನಿಲ್ಲ."

ಗೋಡೆ ಎಂದೆ. ತಮಾಷೆ ಎಂದುಕೊಂಡು ನಕ್ಕರು. ನಗು ನಿಂತ ಮೇಲೆ ಮುಖ ನನ್ನ ಕಡೆಯೇ ಇತ್ತು, ಸ್ವಲ್ಪ ಹೊತ್ತು. ದನಿ ಬಲ್ಲ ಮನುಷ್ಯ. ನಾನು ಬೇಗ ಬೇಗ ಹೊರಟು ಬಂದೆ.

ಈಗ ಡ್ರಮ್ಮಿನ ಮೇಲೆ ಖಾಲಿ ಹಾಳೆ. ತಲೆಬರಹ ಬರೆದಿದ್ದೇನೆ — 'ಜಗಲಿಯ ಎಲೆ'. ಪ್ರತಿ ಸಾಲೂ ಗೊತ್ತಿದೆ. ನನ್ನ ಎಲ್ಲ ಕರಪತ್ರಗಳಿಗಿಂತ ಇದು ನಿಜ. ಇದನ್ನು ಬರೆಯದವಳು ಇನ್ನೇನು ಬರೆದರೂ ಸುಳ್ಳು.

ಆದರೆ ಸರ್‌ಗೆ ಓದಿ ಹೇಳುವವಳು ನಾನೇ. ಈ ಸಲ ಹಂಚುವ ಮೊದಲು ಅವರಿಗೇ ಓದಬೇಕು. ಓದಿದರೆ, 'ಉಣ್ಣಣ್ಣ' ಎಂಬ ಆ ಒಂದು ಮಾತನ್ನು ತಮ್ಮ ಯಾವಾಗ ಆಡಿದ, ನಾನು ಏನು ಹೇಳಿದ್ದಕ್ಕೆ ಆಡಿದ ಎಂದು ಗೊತ್ತಾಗುತ್ತದೆ. ನಾಳೆಯ ನಂತರ ಅವರಿಗೆ ಉಳಿಯುವುದು ಅದೊಂದೇ. ಬರೆಯದಿದ್ದರೆ...